ಇಷ್ಟೆಲ್ಲ ಸುಳ್ಳು ಹೇಳಿದ ಮೇಲೆ ನಿಮ್ಮನ್ನು ಯಾಕೆ ನಂಬಬೇಕು? ಜೋಡಿ ಏರಿಯಸ್ ಪ್ರಕರಣದಲ್ಲಿ ಜ್ಯೂರಿ ಕೇಳಿದ ಪ್ರಶ್ನೆಗಳು

2013ರ ಮಾರ್ಚ್ 6, ಬುಧವಾರ. ಅಮೆರಿಕದ ಅರಿಜೋನಾ ರಾಜ್ಯ, ಫೀನಿಕ್ಸ್ ನಗರ, ಮರಿಕೋಪ ಕೌಂಟಿಯ ಸುಪೀರಿಯರ್ ಕೋರ್ಟು. ಸಾಕ್ಷಿ ಕಟ್ಟೆಯಲ್ಲಿ, ಹಳೆಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ 32 ವರ್ಷದ ಜೋಡಿ ಏರಿಯಸ್. ಆಕೆಯ ವಕೀಲರ ಮುಖ್ಯ ವಿಚಾರಣೆ ಮುಗಿದಿತ್ತು, ಸರ್ಕಾರಿ ವಕೀಲರ ಪಾಟಿ ಸವಾಲೂ ಮುಗಿದಿತ್ತು. ನಮ್ಮ ಕೋರ್ಟಾಗಿದ್ದರೆ ಹೇಳಿಕೆಗೆ ಸಹಿ ಹಾಕಿಸಿಕೊಂಡು ಸಾಕ್ಷಿಯನ್ನು ಕೆಳಗಿಳಿಸುವ ಹೊತ್ತು ಅದು. ಅಲ್ಲಿ ನ್ಯಾಯಾಧೀಶೆ ಶೆರಿ ಸ್ಟೀವನ್ಸ್ ಒಂದು ಕಟ್ಟು ಕಾಗದ ಕೈಗೆತ್ತಿಕೊಂಡರು. ಜ್ಯೂರಿ ಸದಸ್ಯರು, ಅಂದರೆ ಸಾಕ್ಷ್ಯ ಕೇಳಿ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರು, ಬರೆದುಕೊಟ್ಟ ಪ್ರಶ್ನೆಗಳು. ಒಂದೆರಡಲ್ಲ, ಇನ್ನೂರಕ್ಕೂ ಹೆಚ್ಚು. ಅವನ್ನು ಓದಿ ಉತ್ತರ ಪಡೆಯಲು ಆ ದಿನ ಸಾಲದೆ ಮರುದಿನವೂ ಬೇಕಾಯಿತು.

ನ್ಯಾಯಾಧೀಶೆ ಓದುತ್ತಿದ್ದ ಬಗೆಯನ್ನು ಆ ನೇರಪ್ರಸಾರದ ದೃಶ್ಯದಲ್ಲಿ ನೋಡಬೇಕು. ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಪಡಿತರ ಚೀಟಿಯ ಹೆಸರು ಓದುವವರ ಹಾಗೆ ಒಂದಾದ ಮೇಲೊಂದು. ಕ್ಯಾಮೆರಾವನ್ನು ಬಟ್ಟೆ ಒಗೆಯುವ ಯಂತ್ರಕ್ಕೆ ಯಾಕೆ ಹಾಕಿದಿರಿ? ತುರ್ತು ಸಂಖ್ಯೆ 911ಕ್ಕೆ ಯಾಕೆ ಫೋನ್ ಮಾಡಲಿಲ್ಲ? ಏರಿಯಸ್ ಪ್ರತಿ ಸಲವೂ ಜ್ಯೂರಿಯ ಕಡೆ ತಿರುಗಿ ಉತ್ತರಿಸುತ್ತಿದ್ದಳು. ಪ್ರಶ್ನೆ ಯಾರದೆಂದು ಆಕೆಗೆ ಗೊತ್ತಿಲ್ಲ, ವಕೀಲರಿಗೂ ಗೊತ್ತಿಲ್ಲ. ಆ 18 ಕುರ್ಚಿಗಳಲ್ಲಿ (ತೀರ್ಪಿಗೆ ಬೇಕಾದದ್ದು ಹನ್ನೆರಡು ಜನ, ಉಳಿದವರು ಬದಲಿ ಸದಸ್ಯರು) ಕೂತವರ ಪೈಕಿ ಯಾರೋ ಒಬ್ಬರು ಕೇಳಿದ್ದು, ಅಷ್ಟೆ.

ಅಪರಾಧ ಪ್ರಕರಣದಲ್ಲಿ ಜ್ಯೂರಿ ಸದಸ್ಯರು ಸಾಕ್ಷಿಯನ್ನು ಪ್ರಶ್ನಿಸಬಹುದೇ ಎಂಬ ವಾದ ಬಂದಾಗಲೆಲ್ಲ ನಾನು ಈ ಪ್ರಕರಣಕ್ಕೇ ಮರಳುತ್ತೇನೆ. ಪ್ರಶ್ನೆಯ ಹಕ್ಕನ್ನು ಇಷ್ಟು ಧಾರಾಳವಾಗಿ, ಇಷ್ಟು ಜನರ ಕಣ್ಣೆದುರು ಬಳಸಿದ ಇನ್ನೊಂದು ಕೊಲೆ ಪ್ರಕರಣ ನನ್ನ ಗಮನಕ್ಕೆ ಬಂದಿಲ್ಲ.

ಕೊಲೆ, ಮತ್ತು ಮೂರು ಕಥೆ

ಟ್ರಾವಿಸ್ ಅಲೆಕ್ಸಾಂಡರ್‌ಗೆ 30 ವರ್ಷ. ಅರಿಜೋನಾದ ಮೇಸಾ ಊರಿನಲ್ಲಿ ಅವನ ಮನೆ. ಏರಿಯಸ್ ಜೊತೆಗಿನ ಪ್ರೇಮ ಮುರಿದಿತ್ತು, ಒಡನಾಟ ನಿಂತಿರಲಿಲ್ಲ. 2008ರ ಜೂನ್ 9ರಂದು ಗೆಳೆಯರು ಹುಡುಕಿಕೊಂಡು ಹೋದಾಗ ಸ್ನಾನದ ಮನೆಯಲ್ಲಿ ಅವನ ಶವ ಸಿಕ್ಕಿತು. ಮೈಮೇಲೆ ಮೂವತ್ತರ ಹತ್ತಿರ ಚಾಕುವಿನ ಗಾಯ, ಸೀಳಿದ ಕತ್ತು, ತಲೆಗೆ ಒಂದು ಗುಂಡು. ಸತ್ತು ಐದು ದಿನವಾಗಿತ್ತು.

ಒಗೆಯುವ ಯಂತ್ರದೊಳಗೆ ಕ್ಯಾಮೆರಾ ಇತ್ತು. ಅದರಲ್ಲಿ ಅಳಿಸಿಹಾಕಿದ್ದ ಚಿತ್ರಗಳನ್ನು ತಜ್ಞರು ಮತ್ತೆ ತೆಗೆದರು. ಜೂನ್ 4ರ ತಾರೀಕು, ಗಂಟೆ ನಿಮಿಷದ ಸಮೇತ: ಮಧ್ಯಾಹ್ನ ಇಬ್ಬರೂ ಜೊತೆಗಿದ್ದುದು, ಸಂಜೆ ಐದೂವರೆಯ ಆಸುಪಾಸು ಸ್ನಾನ ಮಾಡುತ್ತಿದ್ದ ಟ್ರಾವಿಸ್, ಆಮೇಲೆ ಕೈತಪ್ಪಿ ಕ್ಲಿಕ್ಕಾದಂತಿರುವ ಕೆಲವು, ಅವುಗಳಲ್ಲೊಂದರಲ್ಲಿ ರಕ್ತ ಸುರಿಯುತ್ತಿರುವ ದೇಹದ ಒಂದು ಭಾಗ. ಕೊಲೆಗಾರರೇ ಅರಿಯದೆ ತೆಗೆದ ಚಿತ್ರ ಸಾಕ್ಷ್ಯವಾಗಿ ಬರುವುದು ಅಪರೂಪ.

ಏರಿಯಸ್ ಮೊದಲು ಹೇಳಿದ್ದು, ನಾನು ಆ ಊರಿಗೇ ಹೋಗಿರಲಿಲ್ಲ ಎಂದು. ಚಿತ್ರಗಳನ್ನು ಮುಂದಿಟ್ಟ ಮೇಲೆ ಎರಡನೆಯ ಕಥೆ: ಮುಸುಕುಧಾರಿಗಳಿಬ್ಬರು ನುಗ್ಗಿ ಕೊಂದರು, ನಾನು ಹೇಗೋ ತಪ್ಪಿಸಿಕೊಂಡೆ. ಇದನ್ನು ಟಿವಿ ಸಂದರ್ಶನದಲ್ಲೂ ಹೇಳಿದಳು. ವಿಚಾರಣೆಯ ಹೊತ್ತಿಗೆ ಮೂರನೆಯದು: ಕೊಂದದ್ದು ನಾನೇ, ಆದರೆ ಆತ್ಮರಕ್ಷಣೆಗೆ, ಕ್ಯಾಮೆರಾ ಕೈಜಾರಿ ಬಿತ್ತೆಂದು ಅವನು ಮೈಮೇಲೆ ಬಿದ್ದ, ಅವನದೇ ಪಿಸ್ತೂಲು ತೆಗೆದುಕೊಂಡೆ, ಗುಂಡು ಹಾರಿತು, ಆಮೇಲಿನದು ನೆನಪಿಲ್ಲ. ಚಾಕು ಹಿಡಿದದ್ದೂ, ಇರಿದದ್ದೂ ನೆನಪಿಲ್ಲ.

ಸರ್ಕಾರದ ಪರ ಹ್ವಾನ್ ಮಾರ್ಟಿನೆಜ್ ವಾದ ನೇರವಾಗಿತ್ತು. ಕೊಲೆಗೆ ಒಂದು ವಾರ ಮುಂಚೆ, ಕ್ಯಾಲಿಫೋರ್ನಿಯಾದಲ್ಲಿ ಏರಿಯಸ್ ವಾಸವಿದ್ದ ಅಜ್ಜ-ಅಜ್ಜಿಯ ಮನೆಯಿಂದ .25 ಕ್ಯಾಲಿಬರ್ ಪಿಸ್ತೂಲು ಕಳುವಾಗಿತ್ತು; ಟ್ರಾವಿಸ್‌ಗೆ ಬಿದ್ದದ್ದೂ ಅದೇ ಅಳತೆಯ ಗುಂಡು. ಊರಿನಲ್ಲಿ ಸಿಗುವ ಬಾಡಿಗೆ ಕಾರು ಬಿಟ್ಟು ದೂರದ ರೆಡಿಂಗ್‌ನಲ್ಲಿ ಹಿಡಿದಳು. ಅರಿಜೋನಾದೊಳಗೆ ಪೆಟ್ರೋಲ್ ಬಂಕಿಗೆ ಹೋಗಬೇಕಾಗಿ ಬರದ ಹಾಗೆ ಕ್ಯಾನುಗಳಲ್ಲಿ ಪೆಟ್ರೋಲು ತುಂಬಿಕೊಂಡಳು. ಎರಡು ಕ್ಯಾನು ಹಳೆಯ ಗೆಳೆಯನಿಂದ ಎರವಲು, ಮೂರನೆಯದು ಸಲಿನಾಸ್ ಊರಿನ ಅಂಗಡಿಯಿಂದ. ಮೂರನೆಯದನ್ನು ವಾಪಸು ಕೊಟ್ಟು ದುಡ್ಡು ಪಡೆದೆ ಎಂದಳು. ಅಂಥ ವಾಪಸಾತಿ ಅಂಗಡಿಯ ದಾಖಲೆಯಲ್ಲಿರಲಿಲ್ಲ. ಗುಂಡು ಮೊದಲು ಎಂದು ಆಕೆ, ಗುಂಡು ಕೊನೆಗೆ ಎಂದು ಶವಪರೀಕ್ಷೆ ಮಾಡಿದ ವೈದ್ಯರು. ಕೊಲೆ ಯೋಜಿತವೋ ಅಲ್ಲವೋ ಎಂಬುದು ಹಿಡಿದು ನಿಂತದ್ದು ಇಂಥ ಚಿಲ್ಲರೆ ವಿವರಗಳ ಮೇಲೆ. ಯೋಜಿತವೆಂದಾದರೆ ಮರಣದಂಡನೆಯ ಸಾಧ್ಯತೆಯಿತ್ತು.

ಪ್ರಶ್ನೆ ಹೋಗುವ ದಾರಿ

ಅಮೆರಿಕದಲ್ಲಿ ಜ್ಯೂರಿ ಎಂದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುವವರು ಎಂಬುದೇ ಬಹುಕಾಲದ ರೂಢಿ. ಕೆಲವು ಕೋರ್ಟುಗಳಲ್ಲಿ ಟಿಪ್ಪಣಿ ಬರೆದುಕೊಳ್ಳುವುದಕ್ಕೂ ಅಡ್ಡಿಯಿತ್ತು. ವಾರಗಟ್ಟಲೆ ಸಾಕ್ಷ್ಯ ಕೇಳಿ ಒಂದು ಸಂಶಯವನ್ನೂ ಕೇಳಲಾಗದೆ ಒಬ್ಬರ ಪ್ರಾಣದ ಬಗ್ಗೆ ತೀರ್ಮಾನ ಹೇಳಬೇಕು ಎನ್ನುವುದು ವಿಚಿತ್ರವೇ. ಅರಿಜೋನಾ 1990ರ ದಶಕದಲ್ಲಿ ಇದನ್ನು ಬದಲಿಸಿತು. ಮೈಕೆಲ್ ಡಾನ್ ಎಂಬ ನ್ಯಾಯಾಧೀಶರು ಮುಂದಾಳಾಗಿದ್ದ ಸಮಿತಿಯ ಶಿಫಾರಸಿನ ಮೇಲೆ 1995ರ ಡಿಸೆಂಬರ್‌ನಿಂದ ಹೊಸ ನಿಯಮ ಬಂತು. ಅಪರಾಧ ಪ್ರಕ್ರಿಯೆಯ ನಿಯಮ 18.6ರ ಪ್ರಕಾರ, ಸಾಕ್ಷಿಗೆ ಪ್ರಶ್ನೆ ಬರೆದುಕೊಡಬಹುದು ಎಂಬುದನ್ನು ನ್ಯಾಯಾಧೀಶರು ಜ್ಯೂರಿಗೆ ತಿಳಿಸಲೇಬೇಕು.

ದಾರಿಯಲ್ಲಿ ಬಾಗಿಲುಗಳಿವೆ. ಪ್ರಶ್ನೆ ಬರವಣಿಗೆಯಲ್ಲಿರಬೇಕು, ಬರೆದವರ ಹೆಸರು ಇರಕೂಡದು. ವಕೀಲರು ಅದನ್ನು ಓದಿ, ಜ್ಯೂರಿಯ ಕಿವಿಗೆ ಬೀಳದಂತೆ ಆಕ್ಷೇಪ ಹೇಳಬಹುದು. ಸಾಕ್ಷ್ಯ ಕಾನೂನು ಒಪ್ಪದ ಪ್ರಶ್ನೆಯನ್ನು ನ್ಯಾಯಾಧೀಶರು ಬದಿಗಿಡುತ್ತಾರೆ. ಉಳಿದದ್ದನ್ನು ತಾವೇ ಓದುತ್ತಾರೆ. ಉತ್ತರ ಬಂದ ಮೇಲೆ ಆ ವಿಷಯದಲ್ಲಿ ಎರಡೂ ಕಡೆಯ ವಕೀಲರು ಇನ್ನಷ್ಟು ಕೇಳಬಹುದು. ಇನ್ನೊಂದು ಮಾತು: ಆರೋಪಿ ಸಾಕ್ಷಿ ಕಟ್ಟೆ ಹತ್ತದೆ ಮೌನವಾಗಿದ್ದರೆ ಆಕೆಯನ್ನು ಯಾರೂ ಏನನ್ನೂ ಕೇಳುವಂತಿಲ್ಲ. ಏರಿಯಸ್ ತಾನಾಗಿ ಹತ್ತಿದಳು, 18 ದಿನ ಅಲ್ಲಿದ್ದಳು.

ಮೂರು ಬಗೆಯ ಪ್ರಶ್ನೆ

ವರದಿಯಾದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಓದಿದರೆ ಅವು ಒಂದೇ ಜಾತಿಯವಲ್ಲ ಎನ್ನುವುದು ಹೊಳೆಯುತ್ತದೆ.

ಕ್ಯಾಮೆರಾದ ಪ್ರಶ್ನೆ ಒಂದು ಬಗೆ. ಘಟನೆಯಲ್ಲಿ ಒಂದು ಕೊಂಡಿ ಕಾಣೆಯಾಗಿದೆ, ಅದನ್ನು ಹುಡುಕುತ್ತಿದ್ದಾರೆ. ಚಿತ್ರ ಅಳಿಸಿದವರಿಗೆ ಕ್ಯಾಮೆರಾವನ್ನು ಜೊತೆಗೇ ಒಯ್ಯುವುದು ಸುಲಭವಾಗಿತ್ತು. ಯಂತ್ರಕ್ಕೆ ಹಾಕಿದ್ದು ಯಾಕೆ? ಎಂಥವರಿಗೂ ಬರುವ ಸಂಶಯ ಅದು. ಯಾಕೆ ಹಾಗೆ ಮಾಡಿದೆನೋ ನನಗೆ ನೆನಪಿಲ್ಲ ಎಂಬ ಅರ್ಥದ ಉತ್ತರ ಬಂತು. ಉತ್ತರದಿಂದ ಏನೂ ಸಿಗಲಿಲ್ಲ ಅನ್ನಬಹುದು, ಆದರೆ ಆ ಪ್ರಶ್ನೆಯನ್ನು ಕೇಳಬಾರದಿತ್ತು ಎಂದು ಯಾರೂ ಹೇಳಲಾರರು.

ಎರಡನೆಯ ಬಗೆಗೆ ಈ ಪ್ರಶ್ನೆ ಮಾದರಿ: ಹಳೆಯ ಗೆಳೆಯರ ಜೊತೆಗಿನ ಲೈಂಗಿಕ ಸಂಗತಿಗಳೆಲ್ಲ ಇಷ್ಟು ವಿವರವಾಗಿ ನೆನಪಿರುವ ನಿಮಗೆ ಟ್ರಾವಿಸ್‌ನನ್ನು ಇರಿದದ್ದು, ಎಳೆದದ್ದು ಮಾತ್ರ ಹೇಗೆ ನೆನಪಿಲ್ಲ? ಇದರಲ್ಲಿ ಕೊಂಡಿ ಹುಡುಕುವ ಕುತೂಹಲವೂ ಇದೆ, ಹೋಲಿಸಿ ಸಿಕ್ಕಿಸುವ ಚಾಕಚಕ್ಯತೆಯೂ ಇದೆ. ಮಾರ್ಟಿನೆಜ್ ಕೂಗಾಡಿ ಕೇಳಿದ್ದನ್ನೇ ಯಾರೋ ಒಬ್ಬರು ಶಾಂತವಾಗಿ ಒಂದು ವಾಕ್ಯದಲ್ಲಿ ಬರೆದಿದ್ದರು. ಹಾಗೆ ಕೇಳಿದಾಗ ಅದರ ತೂಕವೇ ಬೇರೆ. ಸರ್ಕಾರಿ ವಕೀಲ ಕೇಳಿದರೆ ಅದು ಅವನ ಕಸುಬು. ತೀರ್ಪು ಕೊಡುವವರು ಕೇಳಿದರೆ?

ಮೂರನೆಯದೇ ಮೇಲೆ ತಲೆಬರಹವಾಗಿ ಇಟ್ಟದ್ದು. ನ್ಯಾಯಾಧೀಶೆ ಅದನ್ನೂ ಉಳಿದವುಗಳಂತೆಯೇ ಓದಿದರು. ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ, ಈ ಪ್ರಕರಣದಲ್ಲಿ ಹೇಳಿದ ಸುಳ್ಳುಗಳೆಲ್ಲ ಟ್ರಾವಿಸ್‌ನ ಮರ್ಯಾದೆ ಕಾಯುವುದಕ್ಕೆ ಇಲ್ಲವೇ ಅವನ ಸಾವಿನಲ್ಲಿ ನನ್ನ ಪಾತ್ರ ಮುಚ್ಚುವುದಕ್ಕೆ ಹೇಳಿದವು ಎಂಬಂತೆ ಏರಿಯಸ್ ಉತ್ತರಿಸಿದಳು. ಬಂಧನವೇ ಆಗದಿದ್ದರೆ ನಿಜ ಹೇಳುತ್ತಿದ್ದಿರಾ ಎಂಬ ಇನ್ನೊಂದಕ್ಕೆ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ಗೊತ್ತಿಲ್ಲ ಎಂದಳು.

ನಂಬಿಕೆಯ ಈ ಪ್ರಶ್ನೆ ಯಾವ ಸಂಗತಿಯನ್ನೂ ಕೇಳುತ್ತಿಲ್ಲ. ನಮ್ಮ ತಾಲೂಕು ಕೋರ್ಟುಗಳ ಸಾಕ್ಷಿ ಹೇಳಿಕೆ ಓದಿದವರಿಗೆ ಇದರ ಅಣ್ಣ ಗೊತ್ತು. ಪಾಟಿ ಸವಾಲಿನ ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲ ಹೇಳಿಕೆಯಲ್ಲೂ ಒಂದೇ: ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ವಕೀಲರು ಹೇಳಬೇಕಾದ್ದನ್ನು ಹೇಳುತ್ತಾರೆ, ಸಾಕ್ಷಿ ಅಲ್ಲಗಳೆಯುತ್ತಾನೆ, ಬೆರಳಚ್ಚುಗಾರರ ಬೆರಳಿಗೆ ಆ ವಾಕ್ಯ ತಾನಾಗಿ ಬರುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ಅದು ಎದುರು ಪಕ್ಷದ ವಕೀಲನ ಬಾಯಿಂದ ಬಂದದ್ದಾದ್ದರಿಂದ ಅದಕ್ಕೆ ಯಾವ ಭಾರವೂ ಇಲ್ಲ. ಅದೇ ಮಾತು ತೀರ್ಪು ಹೇಳುವವರ ಕಡೆಯಿಂದ ಬಂದರೆ ಕೇಳಿದ್ದು ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ಇಷ್ಟೆಲ್ಲ ಸುಳ್ಳು ಹೇಳಿದ ಮೇಲೆ’ ಎಂಬಲ್ಲಿಗೇ ಅರ್ಧ ತೀರ್ಮಾನವಾಗಿದೆ. ಏರಿಯಸ್ ಸುಳ್ಳು ಹೇಳಿದ್ದಳು, ಒಪ್ಪಿಕೊಂಡೂ ಇದ್ದಳು ಎನ್ನುವುದು ಬೇರೆ ಮಾತು.

ಆರೋಪಿಯ ವಕೀಲರಾದ ಕರ್ಕ್ ನರ್ಮಿ ಮತ್ತು ಜೆನಿಫರ್ ವಿಲ್‌ಮಾಟ್ ಅವರ ಜಾಗದಲ್ಲಿ ನಿಂತು ನೋಡಿ. ಇಂಥ ಪ್ರಶ್ನೆಗೆ ಆಕ್ಷೇಪ ಹೇಳಿದರೆ ಜ್ಯೂರಿಗೆ ಕೇಳಿಸುವುದಿಲ್ಲ, ನಿಜ. ಆದರೆ ಬರೆದವರಿಗೆ ತಮ್ಮ ಪ್ರಶ್ನೆ ಓದಲಿಲ್ಲ ಎಂಬುದು ಗೊತ್ತಾಗುತ್ತದೆ. ಯಾಕೆ ಎಂದು ಯಾರೂ ಹೇಳುವುದಿಲ್ಲ. ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಎಂದು ಆ ಮನುಷ್ಯನಿಗೆ ಅನ್ನಿಸದೆ ಇರುತ್ತದೆಯೇ? ಬಿಟ್ಟರೆ, ಆಕೆ ಜ್ಯೂರಿಯ ಮುಖ ನೋಡಿ ಉತ್ತರ ಹೇಳುವ ಒಂದು ಅವಕಾಶವಾದರೂ ಸಿಗುತ್ತದೆ. ವಕೀಲರಾಗಿ ನಾನಾಗಿದ್ದರೂ ಬಿಡುತ್ತಿದ್ದೆನೇನೋ. ಹಾಗಾಗಿ ತಡೆಯುವ ಹೊಣೆಯನ್ನು ವಕೀಲರ ಆಕ್ಷೇಪಕ್ಕೆ ಬಿಡುವಂತಿಲ್ಲ. ಅದು ನ್ಯಾಯಾಧೀಶರ ಕೆಲಸ.

ತಜ್ಞರ ಸರದಿ

ಈ ಹಕ್ಕು ಅತ್ಯಂತ ಸಾರ್ಥಕವಾದದ್ದು ಏರಿಯಸ್ ಕೆಳಗಿಳಿದ ಮೇಲೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಸ್ಯಾಮ್ಯುಯಲ್ಸ್ ಆರೋಪಿಯ ಪರ ಸಾಕ್ಷಿ. ಆಘಾತದಿಂದ ಆಕೆಗೆ ಮನೋವ್ಯಾಧಿ ಬಂದಿದೆ, ಆ ಗಳಿಗೆಯ ಮರೆವೂ ನಿಜವಾದದ್ದು ಎಂದು ಹೇಳಿದರು. ಪಾಟಿ ಸವಾಲಿನಲ್ಲಿ ಹೊರಬಂದದ್ದೇನೆಂದರೆ, ಅವರು ಪರೀಕ್ಷೆ ಮಾಡಿದಾಗ ಆಕೆ ಇನ್ನೂ ಮುಸುಕುಧಾರಿಗಳ ಕಥೆಯನ್ನೇ ಹೇಳುತ್ತಿದ್ದಳು! ಅಂದರೆ ಆಘಾತದ ಪರೀಕ್ಷೆಯ ಬುಡದಲ್ಲೇ ನಡೆಯದ ಘಟನೆ. ಕಥೆ ಬದಲಾದ ಮೇಲೆ ಮತ್ತೆ ಪರೀಕ್ಷಿಸಬೇಕಿತ್ತು ಎಂದು ಅವರೇ ಒಪ್ಪಿಕೊಂಡರು.

ಜ್ಯೂರಿ ಅವರಿಗೆ ಬರೆದ ಪ್ರಶ್ನೆಗಳೂ ನೂರರ ಲೆಕ್ಕದಲ್ಲಿದ್ದವು. ನಿಮ್ಮ ತೀರ್ಮಾನ ಆಕೆಯ ಸುಳ್ಳಿನ ಮೇಲೆ ನಿಂತಿಲ್ಲ ಎಂದು ನಾವು ಹೇಗೆ ಖಾತ್ರಿ ಮಾಡಿಕೊಳ್ಳುವುದು ಎಂಬ ಅರ್ಥದ್ದು ಅವುಗಳಲ್ಲೊಂದು. ಮೇಲ್ನೋಟಕ್ಕೆ ಇದೂ ಏರಿಯಸ್‌ಗೆ ಕೇಳಿದ ಪ್ರಶ್ನೆಯ ಹಾಗೆಯೇ ಕಾಣುತ್ತದೆ. ಆದರೆ ಇಲ್ಲಿ ಕೇಳುತ್ತಿರುವುದು ವಿಧಾನವನ್ನು. ತಜ್ಞರ ಮಾತು ಅರ್ಥವಾಗದೆ ತಲೆಯಾಡಿಸಿ ಹೋಗುವ ಜ್ಯೂರಿಗಿಂತ, ಬುಡ ಯಾವುದು ತೋರಿಸಿ ಎನ್ನುವ ಜ್ಯೂರಿ ಮೇಲು. ಕೌಟುಂಬಿಕ ಹಿಂಸೆಯ ತಜ್ಞೆ ಆಲಿಸ್ ಲಾವಯಲೆಟ್ ಅವರಿಗೂ ಪ್ರಶ್ನೆಗಳ ಸುರಿಮಳೆಯೇ ಆಯಿತು.

ಪ್ರಶ್ನೆ ನೋಡಿ ಭವಿಷ್ಯ ಹೇಳಿದವರು

ಟಿವಿ ಸ್ಟುಡಿಯೊಗಳಲ್ಲಿ ಕೂತಿದ್ದವರು ಆ ಪ್ರಶ್ನೆಗಳನ್ನು ಕವಡೆಯ ಹಾಗೆ ಹರಡಿಕೊಂಡು ತೀರ್ಪು ಓದಿದರು. ಇಷ್ಟು ಕಟುವಾಗಿ ಕೇಳುವವರು ಮರಣದಂಡನೆಯನ್ನೇ ಕೊಡುತ್ತಾರೆ ಎಂದು.

2013ರ ಮೇ 8ರಂದು ತೀರ್ಪು ಬಂತು: ಮೊದಲ ದರ್ಜೆಯ ಕೊಲೆ, ಅಂದರೆ ಯೋಜಿತ ಕೊಲೆ, ಹನ್ನೆರಡೂ ಜನ ಒಮ್ಮತ. ಕೊಲೆ ಅತಿ ಕ್ರೂರವಾಗಿತ್ತು ಎಂಬುದನ್ನೂ ಒಂದು ವಾರದಲ್ಲಿ ಒಪ್ಪಿದರು. ಶಿಕ್ಷೆಯ ಮಾತಿಗೆ ಬಂದಾಗ ಮಾತ್ರ ಮುರಿದುಬಿದ್ದರು. ಎಂಟು ಜನ ಮರಣದಂಡನೆಗೆ, ನಾಲ್ವರು ಬೇಡ. ಮೇ 23ರಂದು ಜ್ಯೂರಿಗೆ ಒಮ್ಮತ ಸಾಧ್ಯವಾಗಲಿಲ್ಲವೆಂದು ಘೋಷಣೆಯಾಯಿತು. ಶಿಕ್ಷೆಯ ಹಂತಕ್ಕೆಂದೇ ಹೊಸ ಜ್ಯೂರಿ ಕೂರಿಸಿದರು. ಅದೂ 2015ರ ಮಾರ್ಚ್‌ನಲ್ಲಿ 11-1ಕ್ಕೆ ನಿಂತಿತು. ಕೊನೆಗೆ ಏಪ್ರಿಲ್ 13ರಂದು ನ್ಯಾಯಾಧೀಶೆಯೇ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿದರು.

ಅಂದರೆ, ಆ ಇನ್ನೂರು ಪ್ರಶ್ನೆಗಳನ್ನು ಬರೆದ ಗುಂಪಿನೊಳಗೇ ಆಕೆಯನ್ನು ಸಾಯಿಸಲು ಒಪ್ಪದ ನಾಲ್ವರಿದ್ದರು. ಕಟುವಾದ ಪ್ರಶ್ನೆ ಕೇಳಿದವರು ಆಗಲೇ ತೀರ್ಮಾನ ಮಾಡಿಕೊಂಡಿದ್ದರು ಎಂಬ ನನ್ನ ಮೇಲಿನ ಮಾತಿಗೆ ಇದು ಎದುರು ನಿಲ್ಲುತ್ತದೆ, ಒಪ್ಪುತ್ತೇನೆ. ಆ ನಂಬಿಕೆಯ ಪ್ರಶ್ನೆ ಬರೆದವರು ನಿಜವಾಗಿ ನಂಬಲು ಒಂದು ಕಾರಣ ಹುಡುಕುತ್ತಿದ್ದಿರಬಹುದು. ಕಾಗದದ ಮೇಲೆ ದನಿ ಕಾಣಿಸುವುದಿಲ್ಲ. ಹಾಗಿದ್ದರೂ ನನ್ನ ಆಕ್ಷೇಪ ಬರೆದವರ ಮನಸ್ಸಿನ ಮೇಲಲ್ಲ. ಕಟ್ಟೆಯಲ್ಲಿ ಕೂತವಳಿಗೂ, ಉಳಿದ ಹದಿನೇಳು ಜನರಿಗೂ ಅದು ಹೇಗೆ ಕೇಳಿಸುತ್ತದೆ ಎನ್ನುವುದರ ಮೇಲೆ.

ಮೇಲ್ಮನವಿಯಲ್ಲಿ ದೊಡ್ಡದಾದದ್ದು ಸರ್ಕಾರಿ ವಕೀಲರ ನಡವಳಿಕೆ. 2020ರ ಮಾರ್ಚ್‌ನಲ್ಲಿ ಅರಿಜೋನಾದ ಮೇಲ್ಮನವಿ ನ್ಯಾಯಾಲಯ ಮಾರ್ಟಿನೆಜ್ ದುರ್ವರ್ತನೆಯನ್ನು ಕಟುವಾಗಿ ಖಂಡಿಸಿತು, ಆದರೆ ಸಾಕ್ಷ್ಯ ಅಗಾಧವಾಗಿದೆ ಎಂದು ಶಿಕ್ಷೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಅವರ ವಕೀಲಿ ಸನ್ನದು ಹೋಯಿತು. ಅರಚಿ ಕೇಳಿದ ವಕೀಲ ಸನ್ನದು ಕಳೆದುಕೊಂಡದ್ದು, ಚೀಟಿಯಲ್ಲಿ ಬರೆದು ಕೇಳಿದವರ ಪ್ರಶ್ನೆಗಳು ದಾಖಲೆಯಲ್ಲಿ ಹಾಗೇ ಉಳಿದದ್ದು ಸ್ವಾರಸ್ಯ.

ಬೇಡ ಎಂದವರು

ಮಿನೆಸೋಟಾದ ಸುಪ್ರೀಂ ಕೋರ್ಟು 2002ರಲ್ಲಿ ಕಾಸ್ಟೆಲೊ ಪ್ರಕರಣದಲ್ಲಿ, ಅಪರಾಧ ವಿಚಾರಣೆಯಲ್ಲಿ ಜ್ಯೂರಿ ಸಾಕ್ಷಿಗಳನ್ನು ಪ್ರಶ್ನಿಸಲೇಬಾರದು ಎಂದಿತು. ಹೊಸದಾಗಿ ವಿಚಾರಣೆ ಮಾಡಿ ಎಂದು ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಟೆಕ್ಸಾಸ್ ಮತ್ತು ನೆಬ್ರಾಸ್ಕಾ ಅದಕ್ಕೂ ಮುಂಚೆಯೇ ಬಾಗಿಲು ಹಾಕಿದ್ದವು. ಇಂಡಿಯಾನಾ, ಕೊಲರಾಡೊ ಅರಿಜೋನಾದ ದಾರಿ ಹಿಡಿದವು. ಅಮೆರಿಕದ ಕೇಂದ್ರ ಸರ್ಕಾರದ (ಫೆಡರಲ್) ಕೋರ್ಟುಗಳಲ್ಲಿ ಆಯಾ ನ್ಯಾಯಾಧೀಶರ ವಿವೇಚನೆ.

ಬೇಡ ಎನ್ನುವವರ ಮುಖ್ಯ ವಾದ ಹಗುರವಾದದ್ದಲ್ಲ. ಅಪರಾಧ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಸರ್ಕಾರಿ ವಕೀಲ ಒಂದು ಪ್ರಶ್ನೆ ಕೇಳಲು ಮರೆತ, ಸಾಕ್ಷ್ಯದಲ್ಲಿ ಒಂದು ತೂತು ಉಳಿಯಿತು ಎಂದಿಟ್ಟುಕೊಳ್ಳಿ. ಆ ತೂತಿನ ಲಾಭ ಆರೋಪಿಗೆ ಸಲ್ಲಬೇಕು. ಜ್ಯೂರಿಯೇ ಪ್ರಶ್ನೆ ಕೇಳಿ ಅದನ್ನು ಮುಚ್ಚಿದರೆ ಸರ್ಕಾರದ ಹೊರೆಯನ್ನು ಜ್ಯೂರಿ ಹೊತ್ತಂತೆ. ಜೊತೆಗೆ, ಜ್ಯೂರಿಯ ತಲೆಯಲ್ಲಿ ಏನು ಓಡುತ್ತಿದೆ ಎಂಬುದು ವಿಚಾರಣೆಯ ನಡುವೆಯೇ ವಕೀಲರಿಗೆ ಗೊತ್ತಾಗಿಬಿಡುತ್ತದೆ. ಏರಿಯಸ್ ಪ್ರಕರಣದಲ್ಲಿ ಆಕೆಯ ಮರೆವಿನ ಬಗ್ಗೆ ಜ್ಯೂರಿಗೆ ಗುಮಾನಿಯಿದೆ ಎಂಬುದು ಮಾರ್ಚ್ ಮೊದಲ ವಾರದಲ್ಲೇ ಬಹಿರಂಗವಾಯಿತು. ಪ್ರತಿಸಾಕ್ಷಿಗಳನ್ನು ಕರೆಸುವ ಸರದಿ ಸರ್ಕಾರಕ್ಕೆ ಇನ್ನೂ ಬಾಕಿಯಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವಕಾಶ ಇರಲಿ ಎನ್ನುವವನೇ. ಕೇಳದೆ ಬಿಟ್ಟ ಪ್ರಶ್ನೆ ಮಾಯವಾಗುವುದಿಲ್ಲ. ಕ್ಯಾಮೆರಾದ ಸಂಶಯ ಆ ವ್ಯಕ್ತಿಯ ಜೊತೆ ಚರ್ಚೆಯ ಕೋಣೆಗೆ ಹೋಗುತ್ತದೆ. ಅಲ್ಲಿ ಉತ್ತರಿಸಲು ಸಾಕ್ಷಿ ಇರುವುದಿಲ್ಲ, ತಿದ್ದಲು ವಕೀಲರಿರುವುದಿಲ್ಲ, ಹನ್ನೆರಡು ಜನರ ಊಹೆಯೇ ಉತ್ತರ. ಆದರೆ ಸಂಗತಿ ಕೇಳುವ ಪ್ರಶ್ನೆಗೂ ನಂಬಿಕೆ ಕೇಳುವ ಪ್ರಶ್ನೆಗೂ ಗೆರೆ ಎಳೆಯಬೇಕು. ಮೊದಲನೆಯದನ್ನು ಓದಬೇಕು, ಎರಡನೆಯದನ್ನು ಬದಿಗಿಡಬೇಕು. ಬದಿಗಿಡಬಹುದಾದ ಪ್ರಶ್ನೆಗಳ ಜಾತಿ ಇಂಥದ್ದು ಎಂದು ಮೊದಲ ದಿನವೇ ಜ್ಯೂರಿಗೆ ಹೇಳಿಬಿಡಬೇಕು.

ನಮ್ಮ ಪುಸ್ತಕದಲ್ಲಿದ್ದ 166ನೇ ಕಲಂ

ನಮಗೇನು, ನಮ್ಮಲ್ಲಿ ಜ್ಯೂರಿಯೇ ಇಲ್ಲವಲ್ಲ ಎನ್ನಬಹುದು. ಇತ್ತು. 1959ರಲ್ಲಿ ಮುಂಬೈಯಲ್ಲಿ, ಕೊಲೆ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿ ಪ್ರಕರಣದಲ್ಲಿ ಒಂಬತ್ತು ಜನರ ಜ್ಯೂರಿ 8-1ರಲ್ಲಿ ನಿರ್ದೋಷಿ ಎಂದದ್ದು, ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು ಹಲವರಿಗೆ ಗೊತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 166ನೇ ಕಲಂ ಪ್ರಕಾರ, ನ್ಯಾಯಾಧೀಶರ ಮೂಲಕ ಅಥವಾ ಅವರ ಅನುಮತಿ ಪಡೆದು ಜ್ಯೂರಿ ಸಾಕ್ಷಿಗೆ ಪ್ರಶ್ನೆ ಹಾಕಬಹುದಿತ್ತು. ಅರಿಜೋನಾದ ನಿಯಮ ಬರುವುದಕ್ಕೆ ನೂರಿಪ್ಪತ್ತು ವರ್ಷ ಮುಂಚೆ! 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗ ಸಿಗಲಿಲ್ಲ, ಕಲಂ ಮಾತ್ರ ಪುಸ್ತಕದಲ್ಲೇ ಉಳಿಯಿತು. ಕೇಳುವವರಿಲ್ಲದೆ ಐವತ್ತು ವರ್ಷ. 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಾಗ ಅದು ಹೋಯಿತು.

ಅದರ ಪಕ್ಕದ 165ನೇ ಕಲಂ ಹೋಗಲಿಲ್ಲ; ಹೊಸ ಕಾಯ್ದೆಯಲ್ಲಿ 168 ಆಗಿ ಮುಂದುವರಿದಿದೆ. ಅದರ ಬಲದಿಂದ ನ್ಯಾಯಾಧೀಶರು ಯಾವ ಸಾಕ್ಷಿಗೂ, ಯಾವ ಹೊತ್ತಿನಲ್ಲೂ, ಯಾವ ಪ್ರಶ್ನೆಯನ್ನೂ ಹಾಕಬಹುದು. ಜ್ಯೂರಿಯಿಲ್ಲದ ನಮ್ಮಲ್ಲಿ ತೀರ್ಪು ಕೊಡುವವರೂ ಅವರೇ. ನ್ಯಾಯಾಧೀಶರು ಮೂಕ ಪ್ರೇಕ್ಷಕರಾಗಿ ಕೂರಬಾರದು, ಹಾಗೆಂದು ಸರ್ಕಾರಿ ವಕೀಲರ ಕೆಲಸವನ್ನೂ ವಹಿಸಿಕೊಳ್ಳಬಾರದು ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟು 1981ರಲ್ಲೇ ರಾಮ್ ಚಂದರ್ ವಿರುದ್ಧ ಹರಿಯಾಣ ಪ್ರಕರಣದಲ್ಲಿ ಹೇಳಿದೆ. ತೀರ್ಪು ಮಾತ್ರ ಸರಿಯಾಗಿ ಸಾಬೀತಾದ, ಪ್ರಸ್ತುತ ಸಂಗತಿಗಳ ಮೇಲೇ ನಿಲ್ಲಬೇಕು ಎಂದು ಕಲಂ ಕೂಡ ಹೇಳುತ್ತದೆ. ಆದರೆ ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ನ್ಯಾಯಾಧೀಶರ ಪ್ರಶ್ನೆಗೆ ಪಕ್ಷಕಾರರಾಗಲಿ ಅವರ ವಕೀಲರಾಗಲಿ ಆಕ್ಷೇಪ ಎತ್ತುವಂತಿಲ್ಲ, ಬಂದ ಉತ್ತರದ ಮೇಲೆ ಅನುಮತಿಯಿಲ್ಲದೆ ಪಾಟಿ ಸವಾಲು ಮಾಡುವಂತಿಲ್ಲ.

ಫೀನಿಕ್ಸ್‌ನಲ್ಲಿ ಹೆಸರಿಲ್ಲದ ಒಬ್ಬ ಜ್ಯೂರಿ ಬರೆದ ಚೀಟಿಗೆ ನರ್ಮಿ ಆಕ್ಷೇಪ ಹೇಳಬಹುದಿತ್ತು, ಉತ್ತರ ಬಂದ ಮೇಲೆ ಎದ್ದು ನಿಂತು ಮತ್ತೆ ಕೇಳಬಹುದಿತ್ತು. ನಮ್ಮ ಸೆಷನ್ಸ್ ಕೋರ್ಟಿನಲ್ಲಿ ‘ನ್ಯಾಯಾಲಯದ ಪ್ರಶ್ನೆ’ ಎಂದು ಬೇರೆಯಾಗಿ ಬೆರಳಚ್ಚಾಗುವ ಆ ಎರಡು ಸಾಲಿಗೆ ಆರೋಪಿಯ ವಕೀಲರು ಮೊದಲು ಅನುಮತಿ ಕೇಳಬೇಕು, ಅದೂ ಪ್ರಶ್ನೆ ಕೇಳಿದವರನ್ನೇ.